ಭಾವನ ಎದೆಯೊಳಗಿನ ಸೋಮಾರಿಗಳು

ಉದ್ಯೋಗಶೀಲನಿಗೆ ಜಯ, ಸೋಮಾರಿಗೆ ಕ್ಷಯ ಎಂಬುದು ಲೋಕವೆಲ್ಲ ತಲೆದೂಗಿ ಒಪ್ಪಿದ ಮಾತು. ಅದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದವರೂ ಉಂಟು, ಬರೆಸಿದ ಗೋಡೆಯ ನೆರಳಿನಲ್ಲಿ ಒರಗಿ ನಿದ್ದೆ ಮಾಡಿದವರೂ ಉಂಟು. ಆದರೆ ನಮ್ಮ ಕುಟುಂಬದ ಮಟ್ಟಿಗೆ ಹೇಳುವುದಾದರೆ, ಕ್ಷಯ ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ ಏಳುವ ನನ್ನ ಭಾವನಿಗೆ. ಏಳೂವರೆಗೆ ಎದ್ದು, ಎದ್ದದ್ದು ಸರಿಯೋ ತಪ್ಪೋ ಎಂದು ಇನ್ನರ್ಧ ಗಂಟೆ ಹಾಸಿಗೆಯಲ್ಲೇ ಕುಳಿತು ವಿಚಾರ ಮಾಡುವ ನಾನು ಗುಂಡುಕಲ್ಲಿನಂತೆ ಇದ್ದೇನೆ. ಇದರಲ್ಲಿ ನೀತಿ ಹುಡುಕಲು ಹೋಗಬೇಡಿ. ನಾನು ಹುಡುಕಿ, ಸಿಕ್ಕಿದ್ದಕ್ಕೆ ನಾಚಿ, ಬಿಟ್ಟುಬಿಟ್ಟಿದ್ದೇನೆ.

ಭಾವನ ಹೆಸರು ಗಂಗಹನುಮಯ್ಯ. ನನ್ನ ಅಕ್ಕ ಜಯಮ್ಮನ ಗಂಡ. ಮಾಗಡಿ ತಾಲ್ಲೂಕಿನ ಕಲ್ಯದ ಆಚೆ ಒಂದು ಊರು, ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಶೀಟು ಹೊದಿಸಿದ ರೇಷ್ಮೆ ಹುಳುವಿನ ಮನೆ. ನಾನೋ ರಾಮನಗರದವನು, ನೋಂದಣಿ ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಮೂವತ್ತು ವರ್ಷ ಕ್ರಯಪತ್ರ ಬರೆದು ಬೆರಳು ಸವೆಸಿದವನು. ಆ ಕಸುಬಿನ ಫಲವಾಗಿ ಯಾವುದನ್ನು ವರ್ಣಿಸಬೇಕಾದರೂ ಮೊದಲು ಅದರ ಚಕ್ಕುಬಂದಿ ಹೇಳದೆ ನನಗೆ ಸಮಾಧಾನವಿಲ್ಲ. ಭಾವನ ಕಾಯಿಲೆಯ ಚಕ್ಕುಬಂದಿ ಹೀಗೆ: ಪೂರ್ವಕ್ಕೆ ಅವರ ಹಠ, ಪಶ್ಚಿಮಕ್ಕೆ ನಮ್ಮಕ್ಕನ ಕಣ್ಣೀರು, ಉತ್ತರಕ್ಕೆ ಸರ್ಕಾರಿ ಆಸ್ಪತ್ರೆ, ದಕ್ಷಿಣಕ್ಕೆ ಹುಳುಮನೆ. ಈ ನಾಲ್ಕರ ನಡುವೆ ಸದರಿ ಕ್ರಿಮಿ ಎರಡು ವರ್ಷ ನಿರಾತಂಕವಾಗಿ ಸ್ವಾಧೀನಾನುಭವದಲ್ಲಿತ್ತು.

ಮೊದಲ ಸಲ ಬಂದಾಗ ಎಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಸಂಜೆಯ ಸಣ್ಣ ಜ್ವರ, ಬಿಡದ ಕೆಮ್ಮು, ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈಗೆ ಜಾರುವಷ್ಟು ಸೊರಗಿದ ಮೈ. ಕಫದ ಪರೀಕ್ಷೆಯಾಗಿ, ಆರು ತಿಂಗಳು ದಿನವೂ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆಯ ಪಟ್ಟಿಗಳು ಬಂದವು. ಊರಿನ ಆಶಾ ಕಾರ್ಯಕರ್ತೆ ಪುಟ್ಟಲಕ್ಷ್ಮಿ ವಾರಕ್ಕೊಮ್ಮೆ ಬಂದು ಖಾಲಿ ಪಟ್ಟಿ ನೋಡಿ ಗುರುತು ಹಾಕಿಕೊಂಡು ಹೋಗುತ್ತಿದ್ದಳು. ಈ ಮಾತ್ರೆ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೆವರೂ ಒಮ್ಮೊಮ್ಮೆ ಹಾಗೇ ಆಗುತ್ತದೆ, ಹೆದರಬೇಡಿ ಎಂದು ಅವಳು ಮೊದಲೇ ಹೇಳಿದ್ದಳು. ಭಾವ ಹೆದರಲಿಲ್ಲ. ಹಿತ್ತಲ ತಂತಿಯ ಮೇಲೆ ಅವರ ಬಿಳಿ ಬನಿಯನ್ನುಗಳು ಕಂಕುಳ ಕೆಳಗೆ ತೆಳ್ಳಗೆ ಕಾವಿ ಬಳಿದುಕೊಂಡು ಒಣಗುತ್ತಿದ್ದವು. ನೋಡಿದವರಿಗೆ ಮನೆಯ ಯಜಮಾನರು ಕಂತಿನ ಮೇಲೆ ಸನ್ಯಾಸ ತೆಗೆದುಕೊಳ್ಳುತ್ತಿರುವಂತೆ ಕಾಣಬೇಕು.

ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮುದ್ದೆ ಸೇರಿತು, ಗಡಿಯಾರ ಮಣಿಕಟ್ಟಿಗೆ ಮರಳಿತು. ಇಲ್ಲಿಗೆ ಸಾಮಾನ್ಯ ಮನುಷ್ಯರು ಒಂದು ತಪ್ಪು ಮಾಡುತ್ತಾರೆ. ವಾಸಿಯಾಯಿತಲ್ಲ, ಇನ್ನು ಮಾತ್ರೆ ಏಕೆ ಎನ್ನುತ್ತಾರೆ. ನನ್ನ ಭಾವ ಸಾಮಾನ್ಯ ಮನುಷ್ಯರಲ್ಲ. ಅವರು ಮಾಡಿದ ತಪ್ಪು ರೇಷ್ಮೆ ಬೆಳೆಯುವವನೊಬ್ಬನೇ ಮಾಡಬಹುದಾದಂಥದ್ದು.

ಹುಳುಮನೆಯ ಮಡಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ದೇವಸ್ಥಾನದ ಗರ್ಭಗುಡಿಗೆ ಬೇಕಾದರೆ ಉಪಾಯವಾಗಿ ನುಗ್ಗಬಹುದು. ಹುಳುವಿನ ಬೆಳೆಯಿರುವಾಗ ಹುಳುಮನೆಗೆ ಆಗದು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿಯಬೇಕು, ಕೈ ತೊಳೆಯಬೇಕು. ಬೀಡಿ ಸೇದಿದವನು, ಊದುಬತ್ತಿ ಹಚ್ಚಿದವನು, ಒಗ್ಗರಣೆ ಹಾಕಿ ಎದ್ದುಬಂದವಳು, ಯಾರೂ ಒಳಗೆ ಕಾಲಿಡಬಾರದು. ವಾಸನೆ ತಾಗಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಮೂವತ್ತು ವರ್ಷದ ಬೀಡಿಯನ್ನು ಭಾವ ಒಂದೇ ದಿನದಲ್ಲಿ ಬಿಟ್ಟದ್ದು ತಮ್ಮ ಪುಪ್ಪುಸದ ಮೇಲಿನ ಕನಿಕರದಿಂದಲ್ಲ, ಹುಳುವಿನ ಮೇಲಿನ ಗೌರವದಿಂದ. ಒಮ್ಮೆ ನಾನು ಯಾವುದೋ ಮದುವೆಯಿಂದ ನೇರವಾಗಿ ಹೋಗಿ, ಯಾರೋ ಅಭಿಮಾನದಿಂದ ಅಂಗಿಗೆ ಸಿಂಪಡಿಸಿದ್ದ ಪನ್ನೀರಿನ ಸಮೇತ ಹೊಸ್ತಿಲು ದಾಟಿದಾಗ, ಊರವರ ಮುಂದೆಯೇ ನನ್ನನ್ನು ಭುಜ ಹಿಡಿದು ತಿರುಗಿಸಿ ಹೊರಗೆ ಬಿಟ್ಟಿದ್ದರು.

ಹೀಗಿರುವಾಗ ಹೊಸ ಬೆಳೆ ಬಂತು. ಭಾವ ತಮ್ಮ ಬನಿಯನ್ನನ್ನು ಮೂಸಿ ನೋಡಿಕೊಂಡರು. ಬೆವರಿನಲ್ಲಿ ಬಣ್ಣವಿದೆ ಎಂದಮೇಲೆ ಮದ್ದೂ ಇರಬೇಕು, ಮದ್ದಿದ್ದರೆ ವಾಸನೆಯೂ ಇರಬೇಕು, ನನಗೆ ತಿಳಿಯದಿದ್ದರೂ ಹುಳುವಿಗೆ ತಿಳಿಯುತ್ತದೆ, ಎಂಬ ಮೂರು ಮೆಟ್ಟಿಲ ತರ್ಕವನ್ನು ಯಾರಿಗೂ ಹೇಳದೆ ಏರಿದರು. ಏರಿ, ಮಾತ್ರೆ ನಿಲ್ಲಿಸಿದರು. ಆದರೆ ಪುಟ್ಟಲಕ್ಷ್ಮಿ ವಾರವಾರ ಪಟ್ಟಿ ನೋಡುತ್ತಾಳಲ್ಲ? ಅದಕ್ಕಾಗಿ ದಿನವೂ ಬೆಳಿಗ್ಗೆ ಲೆಕ್ಕ ತಪ್ಪದಂತೆ ಮಾತ್ರೆಗಳನ್ನು ಬಿಡಿಸಿ, ಹುಳುವಿನ ಕಸ ಹಾಕುವ ಗೊಬ್ಬರದ ಗುಂಡಿಗೆ ಹಾಕಿದರು. ಇಷ್ಟು ಶಿಸ್ತಿನಿಂದ ಮಾತ್ರೆ ನುಂಗದೆ ಇದ್ದವರನ್ನು ನಾನು ಇನ್ನೊಬ್ಬರನ್ನು ಕಾಣೆ. ಬೆಳೆ ಮುಗಿದ ಮೇಲೆ ನುಂಗೋಣವೆಂದಿದ್ದರಂತೆ. ಅಷ್ಟರಲ್ಲಿ ಇನ್ನೊಂದು ಬೆಳೆ ಬಂತು. ಗೂಡು ಚೆನ್ನಾಗಿ ಆಯಿತು. ಗೊಬ್ಬರದ ಗುಂಡಿಗೆ ಕ್ಷಯ ಬರುವ ಸಂಭವ ಶಾಶ್ವತವಾಗಿ ತಪ್ಪಿತು.

ಮುಂದಿನ ಬೇಸಿಗೆಗೆ ಕೆಮ್ಮು ಮರಳಿ ಬಂತು, ಈ ಸಲ ರಕ್ತದ ಎಳೆಯೊಂದಿಗೆ. ಅಕ್ಕ ನನಗೆ ಫೋನು ಮಾಡಿ, "ಬಂದ್ಬುಡ್ಲಾ, ನಿಮ್ ಭಾವ ಉಳಿಯಾಕಿಲ್ಲ ಕಣ್ಲಾ" ಎಂದಳು. ನಮ್ಮಕ್ಕ ಸುಲಭಕ್ಕೆ ಅಳುವವಳೇ. ಆದರೆ ಅಂದು ಅಳುತ್ತಿರಲಿಲ್ಲ. ಅದರಿಂದಲೇ ನನಗೆ ಭಯವಾದದ್ದು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ಕಡತ ನೋಡಿ, ಭಾವನ ಮುಖ ನೋಡಿ, "ಯಜಮಾನ್ರೇ, ನಿಜ ಹೇಳಿ. ಎಲ್ಲಾ ಮಾತ್ರೆ ನುಂಗಿದ್ರಾ?" ಎಂದರು.

"ಪಟ್ಟಿ ಎಲ್ಲಾ ಖಾಲಿ ಆಗವೆ, ನೋಡ್ಕಳಿ ಬೇಕಾರೆ."

"ಪಟ್ಟಿ ಕೇಳಲಿಲ್ಲ. ಹೊಟ್ಟೆ ಕೇಳಿದೆ."

ನಾನು ಮೂವತ್ತು ವರ್ಷ ಸಾಕ್ಷಿಗಳ ನಡುವೆ ಬಾಳಿದವನು. ಇಂಥ ನೇರವಾದ ಪಾಟೀಸವಾಲನ್ನು ಕೇಳಿಲ್ಲ. ಭಾವ ಮೇಲಿನ ಫ್ಯಾನು ನೋಡಿಕೊಂಡೇ ಗೊಬ್ಬರದ ಗುಂಡಿಯವರೆಗಿನ ವೃತ್ತಾಂತವನ್ನು ಪೂರ್ತಿ ಹೇಳಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವುದಕ್ಕೋ ಬೈಗುಳ ತಡೆಯುವುದಕ್ಕೋ ಎಂಬುದು ಹೊರಗೆ ಬಂದ ಮೇಲೆ ತಿಳಿಯಿತು.

ಡಾಕ್ಟರಮ್ಮ ನಗಲಿಲ್ಲ. ಅರ್ಧಕ್ಕೆ ಬಿಟ್ಟ ಮದ್ದು ಕ್ರಿಮಿಗಳಿಗೆ ಪಾಠ ಕಲಿಸಿಬಿಡಬಹುದು, ಕಲಿತ ಕ್ರಿಮಿಗೆ ಈ ಮಾತ್ರೆ ನಾಟುವುದೇ ಇಲ್ಲ, ಆಗ ದಾರಿ ಬಹಳ ಉದ್ದ ಎಂದು ಹೇಳಿ, ಮತ್ತೆ ಕಫ ತೆಗೆದು, ಮದ್ದಿಗೆ ಬಗ್ಗುವ ಕ್ರಿಮಿಯೋ ಬಗ್ಗದ್ದೋ ಎಂದು ತಿಳಿಯುವ ಪರೀಕ್ಷೆಗೆ ಕಳಿಸಿದರು. ಅಕ್ಕನನ್ನೂ ಪರೀಕ್ಷೆ ಮಾಡಿದರು. ಅಕ್ಕನಿಗೆ ಏನೂ ಇರಲಿಲ್ಲ. ಭಾವನ ವರದಿಗೆ ಎರಡು ದಿನ ಕಾದೆವು. ಬಂತು: ಕ್ರಿಮಿ ಇದೆ, ಆದರೆ ಅದು ಏನನ್ನೂ ಕಲಿತಿಲ್ಲ. ಹಳೆಯ ಮಾತ್ರೆಗೇ ಸಾಯುವ ಹಳೆಯ ಕ್ರಿಮಿ.

"ಹಂಗಾರೆ ಮೊದ್ಲೇ ಯಾಕೆ ಸಾಯ್ಲಿಲ್ಲ?" ಎಂದು ಭಾವ ಕೇಳಿದರು. "ಎರಡು ತಿಂಗ್ಳು ಒಂದಿನಾನೂ ತಪ್ಪಿಸ್ದೆ ನುಂಗಿವ್ನಿ."

"ಎದ್ದು ಓಡಾಡ್ತಿದ್ದವೆಲ್ಲ ಸತ್ವು ಯಜಮಾನ್ರೇ. ಕೆಲವು ಮಲಗಿದ್ವು. ಮಲಗಿರೋದನ್ನ ಈ ಮದ್ದು ಸುಲಭಕ್ಕೆ ಕೊಲ್ಲಲ್ಲ. ಅವು ಒಂದೊಂದಾಗಿ ಏಳ್ತಾ ಇರ್ತವೆ, ಎದ್ದಾಗ ಮದ್ದು ಅಲ್ಲಿ ಇರಬೇಕು. ಅದಕ್ಕೇ ಆರು ತಿಂಗಳು."

ಮರಳುವಾಗ ಬಸ್ಸಿನಲ್ಲಿ ಭಾವ ನನ್ನ ಕಿವಿಯ ಹತ್ತಿರ ಬಾಗಿ, "ಒಂದ್ಸಲ ಸೋತ ಮದ್ದನ್ನೇ ತಿರುಗಾ ಕೊಡ್ತಾವ್ರೆ. ನಿದ್ದೆ ಮಾಡ್ತವಂತೆ! ನಿದ್ದೆ ಮಾಡ್ದೋನು ಬದುಕ್ತಾನಾ? ನಾನು ನಾಕಕ್ಕೆ ಎದ್ರೇ ಸೊಪ್ಪು ಸಾಲ್ದು" ಎಂದರು. ಮತ್ತೆ ಮೊದಲ ದಿನದಿಂದ ಆರು ತಿಂಗಳು ಎಂಬ ತೀರ್ಪು ಅವರಿಗೆ ಅನ್ಯಾಯವಾಗಿ ಕಂಡಿತ್ತು. ಆದರೂ ಪುಟ್ಟಲಕ್ಷ್ಮಿ ಈ ಬಾರಿ ಪಟ್ಟಿಯನ್ನು ನಂಬದೆ, ದಿನವೂ ಬೆಳಿಗ್ಗೆ ಜಗಲಿಯಲ್ಲಿ ನಿಂತು, ನುಂಗಿಸಿ, "ಬಾಯ್ ತೆಗೀರಿ ಗೌಡ್ರೆ, ನಾಲ್ಗೆ ಎತ್ತಿ" ಎಂದು ಪರೀಕ್ಷಿಸಿಯೇ ಹೋಗುತ್ತಿದ್ದಳು. ಊರಿಗೆ ಬುದ್ಧಿ ಹೇಳುವ ಗಂಡಸು ಹೀಗೆ ದಿನವೂ ಒಬ್ಬ ಹೆಣ್ಣುಮಗಳಿಗೆ ನಾಲಿಗೆ ಎತ್ತಿ ತೋರಿಸುವ ದೃಶ್ಯವನ್ನು ನಮ್ಮಕ್ಕ ಬಾಗಿಲ ಸಂದಿಯಿಂದ ನೋಡಿ ಸಂತೋಷಪಡುತ್ತಿದ್ದಳು.

ನನಗೆ ಮಾತ್ರ ಡಾಕ್ಟರಮ್ಮನ ಆ ಮಾತು ತಲೆಯಲ್ಲಿ ಉಳಿದುಕೊಂಡಿತು. ಮಿತ್ರರೇ, ನೀವೂ ಒಮ್ಮೆ ಯೋಚಿಸಿ. ಮದ್ದು ಕ್ರಿಮಿಯನ್ನು ಹೇಗೆ ಕೊಲ್ಲುತ್ತದೆ? ಕ್ರಿಮಿ ಗೋಡೆ ಕಟ್ಟುವಾಗ ಕಟ್ಟಡವನ್ನು ಕೆಡಿಸಿ, ತನ್ನ ವಂಶದ ಪತ್ರಗಳನ್ನು ನಕಲು ಮಾಡಿಕೊಳ್ಳುವಾಗ ನಕಲನ್ನು ಕೆಡಿಸಿ. ಅಂದರೆ ಕೆಲಸ ಮಾಡುವವನ ಕೈಯನ್ನೇ ಅದು ಹಿಡಿಯುತ್ತದೆ. ಗೋಡೆ ಕಟ್ಟದವನ ಗೋಡೆಯನ್ನು ಕೆಡವುವುದು ಹೇಗೆ? ತೂಕ ಅಳತೆಯ ಅಧಿಕಾರಿ ಪೇಟೆಗೆ ಬಂದ ದಿನ ಸಿಕ್ಕಿಬೀಳುವುದು ತೆರೆದಿರುವ ಅಂಗಡಿ. ಬೀಗ ಹಾಕಿದ ಅಂಗಡಿಯ ತಕ್ಕಡಿ ಎಷ್ಟು ಸೊಟ್ಟಗಿದ್ದರೂ ಆ ದಿನದ ಮಟ್ಟಿಗೆ ಅದು ಧರ್ಮಛತ್ರವೇ. ಬೀಗ ಹಾಕಿದ್ದವನು ಅಧಿಕಾರಿ ಬರುತ್ತಾನೆಂದು ಮೊದಲೇ ತಿಳಿದು ಹಾಕಿದವನೇನಲ್ಲ, ಅವನಿಗೆ ಅಂದು ಸುಮ್ಮನೆ ಮೈಭಾರ. ಕ್ರಿಮಿಗಳಲ್ಲೂ ಹೀಗೆಯೇ ಅಂತೆ. ಲಕ್ಷಾಂತರದ ಒಂದು ಕೂಟದಲ್ಲಿ, ಒಂದೇ ತಾಯಿಯ ಮಕ್ಕಳಲ್ಲಿ, ಕೆಲವು ಕಾರಣವಿಲ್ಲದೆಯೇ ತೂಕಡಿಸುತ್ತಿರುತ್ತವೆ. ಅವು ಬುದ್ಧಿವಂತವಲ್ಲ, ಬಲಶಾಲಿಯಲ್ಲ, ಬೇರೆ ಜಾತಿಯೂ ಅಲ್ಲ. ಮದ್ದಿನ ಪ್ರಳಯ ಬಂದು ಹೋದಾಗ ಅವುಗಳಿಗೆ ಗೊತ್ತೇ ಆಗಿರುವುದಿಲ್ಲ. ಎದ್ದು, ಮೈಮುರಿದು, ಖಾಲಿಯಾದ ಊರನ್ನು ನೋಡಿ, ಸಂಸಾರ ಹೂಡುತ್ತವೆ.

ರಾಗಿ ಹೊಲದಲ್ಲಿ ಕಳೆ ಕಿತ್ತವರಿಗೆ ಇದು ಹೊಸದಲ್ಲ. ಮೊಳೆತದ್ದನ್ನೆಲ್ಲ ಕುಂಟೆ ಹೊಡೆದು, ಕೈಯಿಂದಲೂ ಕಿತ್ತು, ಹೊಲ ತೊಳೆದ ತಟ್ಟೆಯಂತಿದೆ ಎಂದು ಬೀಗುತ್ತೇವೆ. ಮುಂದಿನ ಮಳೆಗೆ ಅದೇ ಕಳೆ ಅದೇ ಜಾಗದಲ್ಲಿ ಹಸುರಾಗಿ ನಿಂತಿರುತ್ತದೆ. ಅದು ಕಿತ್ತ ಕಳೆಯ ಪುನರ್ಜನ್ಮವಲ್ಲ, ಮೊದಲ ಮಳೆಗೆ ಏಳದೆ ಮಣ್ಣಿನಲ್ಲೇ ಮಗ್ಗುಲಾದ ಬೀಜ. ಎಲ್ಲ ಬೀಜವೂ ಒಟ್ಟಿಗೆ ಎದ್ದಿದ್ದರೆ ಕಳೆಯ ಕುಲ ನಮ್ಮ ಮುತ್ತಾತಂದಿರ ಕಾಲಕ್ಕೇ ಮುಗಿಯುತ್ತಿತ್ತು. ಪ್ರಕೃತಿ ಪ್ರತಿ ಮನೆಯಲ್ಲೂ ಒಬ್ಬ ಸೋಮಾರಿಯನ್ನು ಇಟ್ಟಿರುವುದು ವಿನಾ ಕಾರಣವಲ್ಲ ಎಂದು ನಾನು ಅಕ್ಕನಿಗೆ ಹೇಳಿದೆ. "ನಮ್ಮನೇಲಿ ನೀನಿದ್ಯಲ್ಲಾ, ಸಾಕು" ಎಂದಳು.

ಎರಡು ತಿಂಗಳು ಹೀಗೆ ನಡೆಯಿತು. ಕೆಮ್ಮು ಮತ್ತೆ ತಗ್ಗಿತು. ಆಗ ಹೊಸ ಬೆಳೆಯ ಮರಿಹುಳುಗಳು ಮನೆಗೆ ಬಂದವು.

ರೇಷ್ಮೆ ಹುಳು ಹುಟ್ಟಿನಿಂದ ಗೂಡಿನವರೆಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ. ಧ್ಯಾನಕ್ಕೆ ಕೂತಂತೆ ತಲೆ ಎತ್ತಿ ಒಂದು ಹಗಲು ಒಂದು ರಾತ್ರಿ ಹಾಗೇ ಇರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ, ಹುಳುಮನೆಯಲ್ಲಿ ಮಳೆ ಬಂದಂಥ ಸದ್ದು. ಭಾವನ ಹಳೆಯ ಭಯ ಅಲ್ಲೇ ಮರುಕಳಿಸಿತು. ಇಷ್ಟು ದಿನ ಹೇಗೋ ನಡೆಯಿತು, ಇನ್ನು ಹತ್ತು ದಿನ ದಿನಕ್ಕೆ ಮೂರು ಸಲ ಸೊಪ್ಪು, ಬೆವರು ಧಾರಾಕಾರ. ಗೂಡು ಕಟ್ಟುವವರೆಗೆ ಮಾತ್ರೆ ಬೇಡ ಎಂದು ನಾಲ್ಕನೇ ಜ್ವರ ಏಳುವ ದಿನ ಬೆಳಿಗ್ಗೆ ಘೋಷಿಸಿ, ಪುಟ್ಟಲಕ್ಷ್ಮಿಯನ್ನು ಜಗಲಿಯಿಂದಲೇ ವಾಪಸು ಕಳಿಸಿದರು. ಅಕ್ಕನ ಫೋನಿಗೆ ನಾನು ಹಾಸಿಗೆ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ ಓಡಿದೆ. ಅಂದು ನಾನು ಆರಕ್ಕೇ ಎದ್ದಿದ್ದೆ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ.

ನಾನು ಹೋದಾಗ ಭಾವ ಹುಳುಮನೆಯ ಮುಂದೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದರು. ತಮ್ಮ ತೋಟದ ಸೊಪ್ಪು ಸಾಲದೆ, ಹುಳು ಮೇಯುವ ಕೆಳಗಿನ ಎರಡು ಅಟ್ಟಣೆಗೆಂದು ಊರಾಚೆಯ ಪರಿಚಯದವರ ತೋಟವೊಂದರಿಂದ ಕೊಯ್ದು ತಂದಿದ್ದರು. ನಾನು ಬಾಗಿಲ ಹೊರಗೆ ನಿಂತು ವಾದ ಹೂಡಿದೆ.

"ಭಾವ, ಇಷ್ಟು ದಿನ ಮಾತ್ರೆ ನುಂಗಿಕೊಂಡೇ ಅಲ್ವಾ ಸೊಪ್ಪು ಹಾಕಿದ್ದು? ಹುಳು ಬೇಡ ಅಂದ್ವಾ?"

"ಅವು ಮರಿ. ಇನ್ನೂ ಮೂಗು ಬಲ್ತಿರ್ಲಿಲ್ಲ."

"ಹುಳುವಿಗೆ ಮೂಗೆಲ್ಲಿದೆ?"

"ನಿಂಗೆ ಐತಲ್ಲ, ಎಲ್ಲಾದಕ್ಕೂ ತೂರ್ಸೋಕೆ! ಪತ್ರ ಬರೆಯೋನು ಪತ್ರ ಬರಿ. ಹುಳ ಮೇಯ್ಸೋದು ನಂಗೆ ಬುಡು."

ಅಕ್ಕ ಒಳಗಿನಿಂದಲೇ, "ಹುಳ ಸಾಕಿ ಯಾರಿಗೆ ಹಾಕೀಯೆ ಮಾರಾಯ? ನೀನೇ ಇಲ್ದಿದ್ ಮೇಲೆ ನಾನು ರೇಷ್ಮೆ ಸೀರೆ ಉಟ್ಕಂಡು ಕೂತ್ಕಳ್ಲಾ?" ಎಂದಳು. ಹೆಂಡತಿಯ ಮಾತು ನಾಟಿದಾಗ ಎಲ್ಲ ಗಂಡಸರೂ ಮಾಡುವಂತೆ ಭಾವ ಕೆಲಸದಲ್ಲಿ ಮಗ್ನರಾದರು. ಬೇರೆಯವರ ತೋಟದ ಸೊಪ್ಪು ತಂದಾಗ ಎಷ್ಟು ದಿನದ ಹಿಂದೆ ಏನು ಹೊಡೆದಿದ್ದರು ಎಂದು ಕೇಳದೆ ಒಂದು ಎಲೆಯನ್ನೂ ಒಳಗೆ ಬಿಡದ ಮನುಷ್ಯ, ಅಂದು ಹೆಂಡತಿಯ ಮೇಲಿನ ಸಿಟ್ಟು, ಬಾಮೈದನ ಮೇಲಿನ ತಾತ್ಸಾರ ಎರಡನ್ನೂ ಹೊತ್ತುಕೊಂಡು, ಕೇಳುವುದನ್ನು ಮರೆತು, ಸೊಪ್ಪು ಹಾಕಿಬಿಟ್ಟರು. ಆ ತೋಟದ ಅಂಚಿನ ಅವರೆ ಗಿಡಗಳಿಗೆ ಹಿಂದಿನ ದಿನ ಕೀಟನಾಶಕ ಹೊಡೆದಿದ್ದರು. ಗಾಳಿ ಯಾವ ಚಕ್ಕುಬಂದಿಯನ್ನೂ ಓದಿಲ್ಲ. ಆ ಮರೆವಿನಲ್ಲಿ ನನ್ನ ಪಾಲೂ ಇದೆಯೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಎರಡೂ ಅಟ್ಟಣೆಯ ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗಿ, ಹಸುರು ನೀರು ಕಕ್ಕಿ, ಮುದುಡಿ ಬಿದ್ದವು. ಭಾವ ಸೊಪ್ಪಿನ ಕಡ್ಡಿಗಳನ್ನು ಬಾಚಿ ಹೊರಗೆ ಹಾಕಿದರು. ನಾನೂ ಅಕ್ಕನೂ ಬಾಗಿಲಲ್ಲಿ ನಿಂತಿದ್ದೆವು. ಯಾವ ಮಡಿಯೂ ನೆನಪಾಗಲಿಲ್ಲ.

ಸತ್ತವನ್ನು ತೆಗೆಯುತ್ತಿದ್ದ ಅವರ ಕೈ ಒಂದೆಡೆ ನಿಂತಿತು. ಸತ್ತ ಹುಳುಗಳ ನಡುವೆ, ಅಲ್ಲೊಂದು ಇಲ್ಲೊಂದು, ತಲೆ ಎತ್ತಿ ಕೂತ ಹುಳುಗಳಿದ್ದವು. ಇನ್ನೂ ನಾಲ್ಕನೇ ಜ್ವರದಿಂದ ಏಳದವು. ಎಲ್ಲ ಹುಳುವೂ ಒಂದೇ ಗಳಿಗೆಗೆ ಏಳುವುದಿಲ್ಲ, ನೂರಕ್ಕೆ ಐದೋ ಆರೋ ಹಿಂದೆ ಬೀಳುತ್ತವೆ. ರೇಷ್ಮೆಯವರಿಗೆಲ್ಲ ಗೊತ್ತಿರುವ, ರೇಷ್ಮೆಯವರೆಲ್ಲ ಬೈಯುವ ಸಂಗತಿ. ವಿಷದ ಸೊಪ್ಪು ಅವುಗಳ ಬೆನ್ನ ಮೇಲೇ ಬಿದ್ದಿತ್ತು. ಆದರೆ ಅವು ತಿಂದಿರಲಿಲ್ಲ.

ಭಾವ ಅವನ್ನು ಒಂದೊಂದಾಗಿ ಆಯ್ದು ಚೊಕ್ಕಟವಾದ ತಟ್ಟೆಗೆ ಹಾಕಿದರು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಆಮೇಲೆ ನನ್ನ ಕಡೆ ತಿರುಗದೆಯೇ, "ಆ ಡಾಕ್ಟ್ರಮ್ಮ ಏನಂತು?" ಎಂದರು.

"ಯಾವುದಕ್ಕೆ?"

"ಮಲ್ಗಿರೋವು ಸಾಯಲ್ಲ ಅಂತು ಅಲ್ವಾ?"

"ಹೌದು ಭಾವ."

"ಇವು ಗಟ್ಟಿ ಹುಳ ಇರಬೌದು ಕಣಪ್ಪಾ. ಬೇರೆ ತರ ಹುಳ. ಇಸಕ್ಕೇ ಜಗ್ಗದವು."

"ಡಾಕ್ಟರಮ್ಮ ಹಾಗನ್ನಲಿಲ್ಲ. ಅವೇ ಕ್ರಿಮಿ, ಮಲಗಿದ್ವು ಅಷ್ಟೇ ಅಂದರು."

"ನೋಡ್ಬುಡಣ" ಎಂದರು ಭಾವ.

ನಾನು ಆ ದಿನ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ತಟ್ಟೆಯ ಹುಳುಗಳು ಪೊರೆ ಬಿಟ್ಟು ಎದ್ದಿದ್ದವು. ಭಾವ ಎಲ್ಲಕ್ಕೂ ತಮ್ಮ ತೋಟದ ಒಳ್ಳೆಯ ಸೊಪ್ಪು ಹಾಕಿದರು. ಹತ್ತನ್ನು ಮಾತ್ರ ಬೇರೆ ಮೊರಕ್ಕೆ ತೆಗೆದುಕೊಂಡು, ನೆನ್ನೆಯ ವಿಷದ ಸೊಪ್ಪಿನಲ್ಲಿ ನಾಲ್ಕು ಎಲೆ ಹುಡುಕಿ ತಂದು ಮುಂದಿಟ್ಟರು. ಹುಳುವಿಗೆ ಒಣಗಿದ ಎಲೆ ಕೊಡಲೂ ಒಪ್ಪದ ಮನುಷ್ಯ ಅದು. ಹುಳುಗಳು ಹಸಿದಿದ್ದವು, ತಿಂದವು. ನಾವು ಮೂವರೂ ಜಗಲಿಯ ಮೇಲೆ ಮೊರವನ್ನು ನಡುವೆ ಇಟ್ಟುಕೊಂಡು, ಮಾತುಕತೆಗೆ ಕೂತ ಬೀಗರ ಹಾಗೆ ಕೂತೆವು. ಕಾಫಿ ಆರಿತು. ಒಂದು ಹುಳು ತಲೆ ತೂಗಿತು. ಆಮೇಲೆ ಇನ್ನೊಂದು. ಹತ್ತೂವರೆ ಹೊತ್ತಿಗೆ ಹತ್ತೂ ಬಿದ್ದಿದ್ದವು.

"ಇವು ಏನೂ ಗಟ್ಟಿ ಅಲ್ಲ" ಎಂದರು ಭಾವ. "ಬರೀ ಲೇಟು."

ವಿಜ್ಞಾನದ ಪಂಡಿತರು ಎಷ್ಟೋ ಪುಟಗಳಲ್ಲಿ ಬಿಡಿಸಿ ಹೇಳುವ ಭೇದವನ್ನು ಅಷ್ಟೇ ಮಾತಿನಲ್ಲಿ ಹೇಳಿ, ಅವರು ಎದ್ದು ಕೈ ತೊಳೆದುಕೊಂಡರು. ಕಲಿತ ಕ್ರಿಮಿ ಬೇರೆ, ಮಲಗಿದ ಕ್ರಿಮಿ ಬೇರೆ. ಕಲಿತದ್ದು ತನ್ನ ವಿದ್ಯೆಯನ್ನು ಮಕ್ಕಳಿಗೆ ಧಾರೆ ಎರೆಯುತ್ತದೆ. ಮಲಗಿದ್ದು ಏಳುವಾಗ ಎಂದಿನ ಬಡಪಾಯಿಯಾಗಿಯೇ ಏಳುತ್ತದೆ, ಅದರ ಮಕ್ಕಳೂ ಅಂಥವೇ ಬಡಪಾಯಿಗಳು. ನಿದ್ದೆ ಅದಕ್ಕೆ ಕಾಲವನ್ನು ಕೊಟ್ಟಿದೆಯೇ ಹೊರತು ಬಲವನ್ನು ಕೊಟ್ಟಿಲ್ಲ. ಆದರೆ ಬಡಪಾಯಿಗೆ ನಾವು ಮತ್ತೆ ಮತ್ತೆ ಅರ್ಧರ್ಧ ಮದ್ದು ತಿನ್ನಿಸುತ್ತ ಹೋದರೆ, ಉಳಿದು ಬೆಳೆದ ಸಂತತಿಯಲ್ಲಿ ಎಂದೋ ಒಂದು ದಿನ ಯಾವುದಾದರೊಂದು ಪಾಠ ಕಲಿತೇಬಿಡಬಹುದು. ಭಾವನ ಎದೆಯಲ್ಲಿ ಆ ದಿನ ಇನ್ನೂ ಬಂದಿರಲಿಲ್ಲ. ನಮಗೆ ಸಿಕ್ಕಿದ್ದ ಅನುಕೂಲ ಅದೊಂದೇ. ಆದರೆ ಅದು ಸಣ್ಣದಲ್ಲ.

ನನಗೆ ಅಂದು ಹೊಳೆದದ್ದು ಇನ್ನೊಂದಿದೆ. ಆರು ತಿಂಗಳ ಮಾತ್ರೆ ಎಂದರೆ ಆರು ತಿಂಗಳ ಯುದ್ಧ ಎಂದುಕೊಂಡಿದ್ದೆ. ಅಲ್ಲ. ಯುದ್ಧ ಮೊದಲಲ್ಲೇ ಬಹುಪಾಲು ಮುಗಿದಿರುತ್ತದೆ. ಉಳಿದದ್ದು ಕಾಯುವ ಕೆಲಸ. ಯಾವ ಮನೆಯ ಬಾಗಿಲು ಎಂದು ತೆರೆಯುತ್ತದೋ ತಿಳಿಯದು, ತೆರೆದ ಗಳಿಗೆಯಲ್ಲಿ ಹೊಸ್ತಿಲ ಮೇಲೆ ನಾವಿರಬೇಕು. ಇದಕ್ಕೆ ಶೌರ್ಯ ಬೇಡ, ಬುದ್ಧಿವಂತಿಕೆ ಬೇಡ, ಹಾಜರಾತಿ ಸಾಕು. ಮನುಷ್ಯಜಾತಿಯ ಬಗ್ಗೆ ನನಗೆ ದೊಡ್ಡ ಭರವಸೆಗಳೇನೂ ಇಲ್ಲ. ಆದರೆ ಸುಮ್ಮನೆ ದಿನವೂ ಒಂದೇ ಹೊತ್ತಿಗೆ ಬಂದು ನಿಲ್ಲುವ ಮನುಷ್ಯರನ್ನು ಬಹಳ ಮಂದಿ ನೋಡಿದ್ದೇನೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವವರು, ಹಾರೋಹಳ್ಳಿಯ ಕಾರ್ಖಾನೆಯ ಪಾಳಿಗೆಂದು ಮಂಜಿನಲ್ಲಿ ಬಸ್ಸು ಕಾಯುವವರು, ಜಗಲಿಯ ಮೇಲೆ ನಿಂತು ನಾಲಿಗೆ ಎತ್ತಿ ಎನ್ನುವ ಪುಟ್ಟಲಕ್ಷ್ಮಿ. ಲೋಕವನ್ನು ಉಳಿಸುವುದಕ್ಕೆ ಮಹಾಪುರುಷರೇ ಬೇಕಾಗಿದ್ದಿದ್ದರೆ ಪರಿಸ್ಥಿತಿ ಕಷ್ಟವಿತ್ತು. ತಪ್ಪದೆ ಬರುವವರು ಸಾಕೆಂದಾದರೆ, ನಮ್ಮಲ್ಲಿ ಅವರಿಗೇನೂ ಬರವಿಲ್ಲ. ಅದರಲ್ಲೂ ರೇಷ್ಮೆ ಸಾಕುವವನಿಗೆ ಕಾಯುವುದನ್ನು ಯಾರು ಕಲಿಸಬೇಕು? ಕೊನೆಯ ಹುಳು ಜ್ವರ ಏಳುವವರೆಗೂ ಕಾದು ಕಾದು ಕೂದಲು ಬೆಳ್ಳಗಾದ ಜನ.

ಪುಟ್ಟಲಕ್ಷ್ಮಿ ಆ ದಿನವೂ ಬಂದಳು. ನೆನ್ನೆ ವಾಪಸು ಕಳಿಸಿದ ಸಿಟ್ಟು ಮುಖದಲ್ಲಿತ್ತು. ಬೇಲಿಯ ಹೊರಗೇ ನಿಂತು, "ಇವತ್ತಾದ್ರೂ ನುಂಗ್ತೀರಾ, ಇಲ್ಲಾ ಮೇಲಕ್ಕೆ ಬರ್ದು ಕಳುಸ್ಲಾ?" ಎಂದಳು.

ಭಾವ ಜಗಲಿಯಿಂದ ಇಳಿದು ಹೋಗಿ, ಕೈ ಚಾಚಿದರು. "ಕೊಡವ್ವಾ. ನೆನ್ನೇದೂ ಸೇರ್ಸಿ ಕೊಡು."

"ನೆನ್ನೇದು ಹೋಯ್ತು. ಎರಡು ದಿನದ್ದು ಒಟ್ಗೆ ನುಂಗಂಗಿಲ್ಲ. ಇವತ್ತಿಂದು ಮಾತ್ರ."

"ಹಂಗಾರೆ ನೆನ್ನೆ ಎದ್ದೋವು ತಪ್ಪಿಸ್ಕಂಡ್ವಾ?"

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಹುಳು, ಮೊರ, ವಿಷ, ಎಲ್ಲವನ್ನೂ ಬೇಲಿಯ ಮೇಲಿಂದ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ. "ಒಂದು ದಿನಕ್ಕೆ ಏನಾಗಲ್ಲ, ಇನ್ನು ತಪ್ಪಿಸಬೇಡಿ" ಎಂದಳು. ಭಾವ ನುಂಗಿದರು. ಕೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದರು.

ಬೆವರಿನ ವಿಷಯದಲ್ಲಿ ಮಾತ್ರ ಅವರು ಪೂರ್ತಿ ಸೋಲನ್ನು ಒಪ್ಪಲಿಲ್ಲ. ಉಳಿದ ಮೇಲಿನ ಅಟ್ಟಣೆಗಳಿಗೆ ಆ ಹತ್ತು ದಿನ ಅಕ್ಕನೇ ಸೊಪ್ಪು ಹಾಕಬೇಕು, ತಾವು ತೋಟದಲ್ಲಿ ಕೊಯ್ಯುವುದು ಮಾತ್ರ ಎಂದು ಒಪ್ಪಂದವಾಯಿತು. ನಾನು ಕರಡು ಬರೆದುಕೊಡಲೇ ಎಂದೆ. ಯಾರೂ ನಗಲಿಲ್ಲ. ಅಕ್ಕ ಒಳಗೆ ಸೊಪ್ಪು ಹಾಕುವುದು, ಭಾವ ಕಿಟಕಿಯ ಜಾಲರಿಗೆ ಮೂಗೊತ್ತಿ ಹೊರಗಿನಿಂದ, "ತೆಳ್ಳಗೆ ಹರಡು! ಮೂಲೇಲಿ ಹಾಕ್ಲಿಲ್ಲ ನೋಡು!" ಎನ್ನುವುದು, ಅಕ್ಕ, "ಅತ್ಲಾಗೋಗು, ನಿನ್ ಬೆವರು ವಾಸ್ನೆ ಬತ್ತೈತೆ" ಎನ್ನುವುದು ಎರಡು ದಿನ ನಡೆಯಿತು. ಮೂರನೇ ದಿನ ಅಕ್ಕನಿಗೆ ಸೊಂಟ ಹಿಡಿದದ್ದರಿಂದ ಭಾವ ಒಳಗೆ ಹೋಗಲೇಬೇಕಾಯಿತು. ಕಿತ್ತಳೆ ಬನಿಯನ್ನಿನಲ್ಲೇ ಸೊಪ್ಪು ಹಾಕಿದರು. ಹುಳುಗಳು ತಲೆ ಎತ್ತಿ ನೋಡಲೂ ಇಲ್ಲ. ಮಳೆಯ ಸದ್ದು ಮುಂದುವರಿಯಿತು. ಭಾವ ಹೊರಗೆ ಬಂದು, "ಹಸಿವಿಗೆ ವಾಸ್ನೆ ಗೊತ್ತಾಗಾಕಿಲ್ಲ" ಎಂದು ತಮ್ಮ ಸಿದ್ಧಾಂತಕ್ಕೆ ಗೌರವಯುತವಾದ ಅಂತ್ಯಸಂಸ್ಕಾರ ಮಾಡಿದರು. ಹುಳು ಮೇದು ಹಣ್ಣಾಗಿ, ಚಂದ್ರಂಕಿಯೆಂಬ ಬಿದಿರಿನ ತಟ್ಟಿಗೆ ಏರಿ ಗೂಡು ಕಟ್ಟಿತು. ತಡವಾಗಿ ಎದ್ದವು ಒಂದು ದಿನ ತಡವಾಗಿಯೇ ಕಟ್ಟಿದವು.

ಆಮೇಲಿನ ಮೂರು ತಿಂಗಳಲ್ಲಿ ಹೇಳುವಂಥದ್ದೇನೂ ಆಗಲಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಇನ್ನೆರಡು ಬೆಳೆ ಬಂದವು, ಹೋದವು. ಒಂದು ದಿನ ಭಾವ ನನಗೆ ಫೋನು ಮಾಡಿ, ಹಲೋ ಕೂಡ ಎನ್ನದೆ, "ಈಗ ಎಷ್ಟು ಉಳ್ದಿರಬೌದು ಒಳಗೆ?" ಎಂದು ಕೇಳಿದರು. ಗೊತ್ತಿಲ್ಲ ಭಾವ ಎಂದೆ. "ಒಂದು ಹತ್ತು?" ಎಂದರು. ಇರಬಹುದು ಎಂದೆ. "ಏಳ್ಲಿ, ಏಳ್ಲಿ. ಎಲ್ಲೋಯ್ತವೆ" ಎಂದು ಇಟ್ಟರು. ಆ ಧ್ವನಿಯಲ್ಲಿ ದ್ವೇಷವಿರಲಿಲ್ಲ. ಕೊನೆಯ ಪಂಕ್ತಿಯ ಊಟಕ್ಕೆ ತಡವಾದವರಿಗೆ ಎಲೆ ಹಾಕಿಕೊಂಡು ಕಾಯುವ ಯಜಮಾನನ ನೆಮ್ಮದಿ ಇತ್ತು.

ಆರನೇ ತಿಂಗಳ ಕೊನೆಗೆ ಕಫದ ಪರೀಕ್ಷೆ ಆಯಿತು. ಕ್ರಿಮಿ ಕಾಣಲಿಲ್ಲ. ಡಾಕ್ಟರಮ್ಮ ಮಾತ್ರೆ ನಿಲ್ಲಿಸಿದರು. ಮತ್ತೆ ಆರು ತಿಂಗಳು ಬಿಟ್ಟು ನೋಡಿದರು, ಒಂದು ವರ್ಷಕ್ಕೆ ನೋಡಿದರು. ಆಗಲೂ ಇರಲಿಲ್ಲ.